ಕಲ್ಲುರ್ಟಿಯ ದೂರು ಇನ್ನೂ ಬಾಕಿಯಿದೆ

ಪೊಳಲಿ ಜಾತ್ರೆಯ ಚೆಂಡಿಗೆ ಜನ ಹೋಗುವ ತುಳುನಾಡಿನ ಊರುಗಳಲ್ಲಿ ಕಲ್ಲುರ್ಟಿ ದೈವವನ್ನು ನಂಬದ ಮನೆ ವಿರಳ. ಕಳವಾದ ಸರ ಸಿಗಲಿ, ಕಾಯಿಲೆ ವಾಸಿಯಾಗಲಿ ಎಂದು ಹರಕೆ ಹೊತ್ತು ಅವಳ ನೆಲೆಯಾದ ಪಣೋಲಿಬೈಲಿನಲ್ಲಿ ಅಗೆಲು (ಎಡೆ) ಬಡಿಸುತ್ತೇವೆ. ಅವಳು ಯಾರ ಮೇಲಿನ ಸಿಟ್ಟಿನಿಂದ ದೈವವಾದಳು ಎಂಬುದನ್ನು ಮಾತ್ರ ಮರೆತಿದ್ದೇವೆ. ಈ ಮರೆವು ಅಧಿಕಾರಸ್ಥರಿಗೆ ಅನುಕೂಲವಾದದ್ದು, ಆದ್ದರಿಂದಲೇ ಖಂಡನೀಯ.

ಅವಳ ಕಥೆ ಹೇಳುವ ತುಳು ಹಾಡುಗಬ್ಬ ಪಾಡ್ದನದ ಆರೋಪ ನೇರವಾಗಿದೆ. ಕಾರ್ಕಳದ ಗೊಮ್ಮಟನನ್ನು ಕಡೆದ ಶಿಲ್ಪಿ ಬೀರ ಕಲ್ಕುಡ ಇನ್ನೆಲ್ಲೂ ಅಂಥ ಕೆಲಸ ಮಾಡಬಾರದೆಂದು ಅಲ್ಲಿನ ದೊರೆ ಭೈರವರಸ ಅವನ ಎಡಗೈ, ಬಲಗಾಲು ಕಡಿಸಿದ. ಉಳಿದ ಒಂದು ಕೈ, ಒಂದು ಕಾಲಿನಲ್ಲೇ ಅವನು ವೇಣೂರಿನಲ್ಲಿ ಮತ್ತೊಬ್ಬ ಗೊಮ್ಮಟನನ್ನು ನಿಲ್ಲಿಸಿದ. ಅಣ್ಣನನ್ನು ಹುಡುಕಿಕೊಂಡು ಬಂದ ತಂಗಿ ಕಲ್ಲುರ್ಟಿ ರಾಜಿಗೆ ಒಪ್ಪಲಿಲ್ಲ. ಇಬ್ಬರೂ ಕಾಯ ಬಿಟ್ಟು ಮಾಯ ಸೇರಿ ಕಾರ್ಕಳಕ್ಕೆ ಬೆಂಕಿಯಿಟ್ಟರು. ಕಾರ್ಕಳದ ಮೂರ್ತಿ 1432ರದು, ವೇಣೂರಿನದು 1604ರದು. ಎರಡನ್ನೂ ಒಬ್ಬನೇ ಕಡೆದಿರಲಾರ. ಆದರೂ ಪಾಡ್ದನ ಸುಳ್ಳಲ್ಲ, ಅದು ಈ ಮಣ್ಣಿನ ರಾಜಕೀಯ ಕಥನ. ಶಾಸನ ಮೂರ್ತಿ ನಿಲ್ಲಿಸಿದ ಅರಸನ ಹೆಸರು ಉಳಿಸಿತು, ಪಾಡ್ದನ ಕೈ ಕಳಕೊಂಡವನ ಹೆಸರು ಉಳಿಸಿತು. ಸೋದರನ ಶವಕ್ಕಾಗಿ ದೊರೆಯನ್ನು ಎದುರಿಸಿದ ಗ್ರೀಕರ ಅಂತಿಗೊನೆ ಲೋಕದ ಶ್ರೇಷ್ಠ ಸಾಹಿತ್ಯವಾದರೆ, ಕಲ್ಲುರ್ಟಿ ಯಾಕಲ್ಲ?

ಇನ್ನೊಂದು ಪಾಡ್ದನದ ನಾಯಕಿ ಸಿರಿಯ ಹಟವೂ ಕಡಿಮೆಯದಲ್ಲ. ಅವಳ ಗಂಡ, ಬಸ್ರೂರಿನ ಕಾಂತು ಪೂಂಜ ಬಯಕೆಯ ಸೀರೆಯನ್ನು ಮೊದಲು ಸೂಳೆಯ ಮನೆಗೆ ಒಯ್ದ. ಬಸುರಿ ಹೆಂಡತಿ ಅದನ್ನು ಉಡಲೊಪ್ಪಲಿಲ್ಲ. ಅಜ್ಜ ಸತ್ತ ಮೇಲೆ ಅವನ ಸತ್ಯನಾಪುರದ ಹಕ್ಕಿಗಾಗಿ ಊರ ಸಭೆಯಲ್ಲಿ ಮಾತಾಡಿದಳು. ಸಭೆ ನ್ಯಾಯ ಕೊಡಲಿಲ್ಲ. ಗಂಡನ ಸಂಬಂಧವನ್ನು ತಾನೇ ಕಡಿದು ಹೊರನಡೆದಳು. ಅಳಿಯಕಟ್ಟಿನಲ್ಲಿ ಕುಟುಂಬ ಹೆಣ್ಣಿನಿಂದ ಮುಂದುವರಿದರೂ ಯಜಮಾನಿಕೆ ಬಹುಮಟ್ಟಿಗೆ ಸೋದರಮಾವನ ಕೈಯಲ್ಲೇ ಇತ್ತೆಂಬ ಸತ್ಯವನ್ನು ಈ ಕಥೆ ಮುಚ್ಚಿಡುವುದಿಲ್ಲ. ಬೆಳ್ತಂಗಡಿಯ ಮಾಚಾರಿನ ಗೋಪಾಲ ನಾಯ್ಕರು 1990ರಲ್ಲಿ ಹಾಡಿದ ಸಿರಿ ಸಂಧಿ 15,683 ಸಾಲುಗಳದು. ಜಾನಪದ ವಿದ್ವಾಂಸರಾದ ವಿವೇಕ ರೈ, ಚಿನ್ನಪ್ಪ ಗೌಡರ ಜತೆ ಲೌರಿ ಹಾಂಕೊ ದುಡಿದ ಫಲವಾಗಿ 1998ರಲ್ಲಿ ಅದು ಅಚ್ಚಾದದ್ದು ದೂರದ ಫಿನ್ಲೆಂಡಿನಲ್ಲಿ.

ಇನ್ನು ಚೌಟ ಅರಸು ವಂಶದ ರಾಣಿ ಅಬ್ಬಕ್ಕ ಉಳ್ಳಾಲದಲ್ಲಿ ಪೋರ್ಚುಗೀಸರಿಗೆ ಕಪ್ಪ ಕೊಡದೆ ಹೋರಾಡಿದಳು. ಅವಳ ಪ್ರತಿಮೆ ನಿಲ್ಲಿಸಿದ್ದೇವೆ, ಉತ್ಸವ ನಡೆಸುತ್ತೇವೆ. ಸರಿಯೇ. ಆದರೆ ಹೊರಗಿನ ವೈರಿಯನ್ನು ಎದುರಿಸಿದವಳನ್ನು ಹೊಗಳಲು ಇಂದು ಧೈರ್ಯ ಬೇಕಿಲ್ಲ. ಕಲ್ಲುರ್ಟಿ, ಸಿರಿ ಎದುರಿಸಿದ್ದು ನಮ್ಮದೇ ಅರಸನನ್ನು, ನಮ್ಮದೇ ಮನೆಯ ಗಂಡನನ್ನು, ನಮ್ಮದೇ ಊರಿನ ಸಭೆಯನ್ನು. ಅದಕ್ಕೇ ಅವರಿಗೆ ಕೈಮುಗಿದೆವು, ಅವರ ಮಾತು ಕೇಳಲಿಲ್ಲ.

ಈ ತಪ್ಪು ತಿದ್ದಿಕೊಳ್ಳಬೇಕು. ಕಲ್ಕುಡ-ಕಲ್ಲುರ್ಟಿಯ ಪಾಡ್ದನ, ಸಿರಿ ಸಂಧಿ ನಮ್ಮ ಶಾಲೆ ಕಾಲೇಜುಗಳಲ್ಲಿ ಸಾಹಿತ್ಯವಾಗಿ ಪಾಠವಾಗಬೇಕು, ಬೆಂಕಿಯಿಟ್ಟ ಭಾಗವನ್ನೂ ಬಿಡದೆ. ಗದ್ದೆಗಳು ಅಡಿಕೆ ತೋಟಗಳಾಗುತ್ತಿವೆ, ಗದ್ದೆಯ ಹಾಡೂ ಮರೆಯಾಗುತ್ತಿದೆ. ನೇಜಿ ನೆಡುತ್ತ ಪಾಡ್ದನ ಹಾಡಿದ ಅಜ್ಜಿಯಂದಿರ ಹಾಡನ್ನು ಅವರ ಹೆಸರಿನೊಂದಿಗೆ ಈಗಲೇ ದಾಖಲಿಸಬೇಕು. ಎಲ್ಲಕ್ಕಿಂತ ಮೊದಲು, ಪೊಳಲಿಯಲ್ಲಿ ರಾಜರಾಜೇಶ್ವರಿಯ ಎದುರು ತಲೆಬಾಗುವ ಗಂಡಸರು ಊರ ಪಂಚಾತಿಕೆಗೆ ಬಂದ ಹೆಣ್ಣಿನ ಮಾತನ್ನು ಕೊನೆಯವರೆಗೆ ಕೇಳುವುದನ್ನು ಕಲಿಯಬೇಕು. ಅವಳ ಬಾಯಿ ಮುಚ್ಚಿಸುವ ಪಂಚಾತಿಕೆ ಸತ್ಯನಾಪುರದ ಸಭೆಯೇ. ಅದರ ತೀರ್ಮಾನಕ್ಕೆ ಯಾರೂ ತಲೆಬಾಗಬೇಕಾಗಿಲ್ಲ.