ಆಕಾಶವನ್ನೂ ಕಾರ್ಖಾನೆಯನ್ನೂ ಇಂಗ್ಲಿಷಿಗೆ ಬರೆದುಕೊಟ್ಟವರು ಯಾರು?

ಮಂಗಳೂರಿನ ಕನ್ನಡ ಯುವಕ ಯುವತಿಯರೇ,

ಈ ವಾರ ನಗರದ ಯಾವುದಾದರೂ ದೊಡ್ಡ ಪುಸ್ತಕದಂಗಡಿಗೆ ಹೋಗಿ. ವಿಶ್ವ ಹೇಗೆ ಹುಟ್ಟಿತು, ನಕ್ಷತ್ರ ಹೇಗೆ ಸಾಯುತ್ತದೆ, ಇದರ ಬಗ್ಗೆ ಒಂದು ಪುಸ್ತಕ ಕೊಡಿ ಎನ್ನಿ. ಹಾಕಿಂಗ್ ಕೊಡುತ್ತಾರೆ, ಕಾರ್ಲ್ ಸೇಗನ್ ಕೊಡುತ್ತಾರೆ. ಒಳ್ಳೆಯ ಪುಸ್ತಕಗಳೇ, ಓದಿ. ಆಮೇಲೆ ‘ಇದೇ ವಿಷಯ ಕನ್ನಡದಲ್ಲಿ ಇದೆಯಾ?’ ಎಂದು ಕೇಳಿ. ಕೇಳಿದ ತಪ್ಪಿಗೆ ನಿಮ್ಮನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಮೂಲೆಯ ಕಪಾಟಿನತ್ತ ಕೈ ತೋರಿಸುತ್ತಾರೆ. ಅಲ್ಲಿ ಏನಿರುತ್ತದೆ? ಅಡುಗೆ, ವಾಸ್ತು, ವ್ಯಕ್ತಿತ್ವ ವಿಕಸನ, ರಾಶಿಫಲ!

ಅಂಗಡಿಯವನ ಮೇಲೆ ಸಿಟ್ಟಾಗಬೇಡಿ. ನೀವು ಕೇಳದ್ದನ್ನು ಅವನು ಯಾಕೆ ತರಿಸಿಡಬೇಕು? ಸಿಟ್ಟು ಬರಬೇಕಾದ್ದು ಬೇರೆ ಕಡೆ. ಕನ್ನಡವೆಂದರೆ ಸಿನಿಮಾ ಹಾಡು, ರಾಜ್ಯೋತ್ಸವದ ಶಾಲು, ಬೋರ್ಡಿನ ಮೇಲಿನ ಅಕ್ಷರ ಇಷ್ಟೇ ಎಂದು ನಿಮ್ಮ ತಲೆಗೆ ತುಂಬಿದವರು ಯಾರು? ಆಕಾಶ ಇಂಗ್ಲಿಷಿನದ್ದು, ಯಂತ್ರ ಇಂಗ್ಲಿಷಿನದ್ದು, ಚರಿತ್ರೆ ಇಂಗ್ಲಿಷಿನದ್ದು, ನಮಗೆ ಉಳಿದದ್ದು ಭಾವಗೀತೆ ಎಂದು ಪಾಲುಪಟ್ಟಿ ಬರೆದವರು ಯಾರು? ಬೇರೆ ಊರಿನವರು ಹೀಗೆ ನಂಬಿದರೆ ಕ್ಷಮಿಸಬಹುದು. ಮಂಗಳೂರಿನವರು ನಂಬಿದರೆ ಅದು ಶುದ್ಧ ಮರೆಗುಳಿತನ.

1843ನೇ ಇಸವಿ ತೆಗೆದುಕೊಳ್ಳಿ. ಇಂಗ್ಲೆಂಡಿನಲ್ಲಿ ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದು ಆರು ವರ್ಷ. ಆ ವರ್ಷದ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಡಿಕನ್ಸ್‌ನ ‘ಎ ಕ್ರಿಸ್ಮಸ್ ಕ್ಯಾರಲ್’ ಹೊರಬಂತು. ಅದಕ್ಕೂ ಮೊದಲು, ಜುಲೈ 1ಕ್ಕೆ, ನಮ್ಮ ಊರಿನ ಕಲ್ಲಚ್ಚಿನಿಂದ ಹರ್ಮನ್ ಮೋಗ್ಲಿಂಗ್‌ನ ‘ಮಂಗಳೂರ ಸಮಾಚಾರ’ ಹೊರಬಂದಿತ್ತು. ಕನ್ನಡದ ಮೊದಲ ಪತ್ರಿಕೆ! ವಿಕ್ಟೋರಿಯಾ ಕಾಲದ ಸಾಹಿತ್ಯ ಎಂದೊಡನೆ ನಿಮ್ಮ ಕಣ್ಣ ಮುಂದೆ ಲಂಡನ್ನಿನ ಮಂಜು ಮಾತ್ರ ಬರುತ್ತದಲ್ಲ, ಅದೇ ಕಾಲದಲ್ಲಿ ಬಲ್ಮಠದ ಗುಡ್ಡದ ಮೇಲೆ ನಡೆದದ್ದನ್ನು ನಿಮಗೆ ಯಾವ ಮೇಷ್ಟ್ರು ಹೇಳಿದರು? 1848ರಿಂದ ಮೋಗ್ಲಿಂಗ್ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನು ಅಚ್ಚು ಹಾಕಿಸಿದ. ದುಡ್ಡು ಕೊಟ್ಟವನು ಕ್ಯಾಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶ. 1894ರಲ್ಲಿ ಕಿಟೆಲ್‌ನ ನಿಘಂಟು ಇದೇ ಊರಿನ ಬಾಸೆಲ್ ಮಿಷನ್ ಅಚ್ಚುಕೂಟದಿಂದ ಬಂತು. ಸುಮಾರು 70,000 ಪದಗಳು. ಮಿಷನ್ನಿನವರು ಮತ ಪ್ರಚಾರಕ್ಕೇ ಬಂದವರು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಈ ನೆಲದಲ್ಲಿ ಏನು ಹೇಳಬೇಕಿದ್ದರೂ ಕನ್ನಡದಲ್ಲಿ ಹೇಳಬೇಕು ಎಂಬಷ್ಟು ಬುದ್ಧಿ ಆ ಜರ್ಮನರಿಗಿತ್ತು. ಇಂದು ನಮ್ಮ ಆಡಳಿತ ಮಂಡಳಿಗಳಿಗೆ ಅಷ್ಟೂ ಇಲ್ಲ.

ಅದೇ ಮಿಷನ್ನಿನ ಇನ್ನೊಂದು ಕೆಲಸ ನಿಮ್ಮ ತಲೆಯ ಮೇಲೇ ಇದೆ. ಅಚ್ಚುಕೂಟದ ಕೆಲಸಕ್ಕೆ ಬಂದಿದ್ದ ಪ್ಲೆಬ್ಸ್ಟ್ ಎಂಬಾತ 1865ರಲ್ಲಿ ಜೆಪ್ಪುವಿನಲ್ಲಿ ನೇತ್ರಾವತಿಯ ಹತ್ತಿರ ಹಂಚಿನ ಕಾರ್ಖಾನೆ ಹಾಕಿದ. ಕನ್ನಡದ ಮೊಳೆ ಜೋಡಿಸಿದ ಕೈಯೇ ಮಂಗಳೂರು ಹಂಚನ್ನೂ ಮಾಡಿತು. ನದಿಯ ಜೇಡಿಮಣ್ಣನ್ನು ಎತ್ತು ಕಟ್ಟಿ ಹದ ಮಾಡಿ, ಅಚ್ಚಿಗೆ ಒತ್ತಿ, ಒಣಗಿಸಿ, ಸುಟ್ಟು, ಒಂದಕ್ಕೊಂದು ಕಚ್ಚಿಕೊಳ್ಳುವ ಹಂಚು. ಆಮೇಲೆ ಊರಿನವರೂ ಕಾರ್ಖಾನೆ ಹಾಕಿದರು. ಬರ್ಮಾ, ಸಿಲೋನ್, ಪೂರ್ವ ಆಫ್ರಿಕಾ, ಆಸ್ಟ್ರೇಲಿಯಾಗಳಿಗೆ ಹಡಗಿನಲ್ಲಿ ಹೋಯಿತು. ಮೊದಲ ಮಹಾಯುದ್ಧ ಬಂದಾಗ ಬ್ರಿಟಿಷರು ಜರ್ಮನರನ್ನು ಹಿಡಿದು ಕೂಡಿಹಾಕಿದರು, ಮಿಷನ್ನಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪನಿಯ ಪಾಲಾದವು. ಅಜ್ಜನ ಮನೆಯ ಒಂದು ಹಳೆಯ ಹಂಚು ಇಳಿಸಿ ಬೆನ್ನು ತಿರುಗಿಸಿ ನೋಡಿ. ‘ಬಾಸೆಲ್ ಮಿಷನ್ ಟೈಲ್ ವರ್ಕ್ಸ್ 1865’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಒತ್ತಿದ್ದು ಕಾಣಬಹುದು. ಮಣ್ಣು ನಮ್ಮದು, ಮಣ್ಣು ತುಳಿದ ಕಾಲು ನಮ್ಮದು, ಮುದ್ರೆ ಮಾತ್ರ ಬೇರೆ.

ಡಿಕನ್ಸ್ 1854ರಲ್ಲಿ ‘ಹಾರ್ಡ್ ಟೈಮ್ಸ್’ ಬರೆದು ಕೋಕ್‌ಟೌನ್ ಎಂಬ ಕಾರ್ಖಾನೆ ಊರಿನ ಹೊಗೆಯನ್ನು ಲೋಕಕ್ಕೆ ತೋರಿಸಿದ. ನಮ್ಮ ಕಾಲೇಜಿನ ಇಂಗ್ಲಿಷ್ ಎಂ.ಎ. ವಿದ್ಯಾರ್ಥಿಗೆ ಕೋಕ್‌ಟೌನ್ ಗೊತ್ತು. ಜೆಪ್ಪು ಗೊತ್ತೇ? ಆ ಹಂಚು ಹೊತ್ತ ಹೆಂಗಸರ ದಿನಗೂಲಿ ಎಷ್ಟಿತ್ತು ಎಂದು ಯಾವ ಕನ್ನಡ ಪಠ್ಯದಲ್ಲಿ ಓದಿದ್ದೀರಿ? ಹಂಚನ್ನು ಬಿಡಿ, ನಿನ್ನೆ ಮೊನ್ನೆಯದನ್ನೇ ನೋಡಿ. 1970ರ ದಶಕದಲ್ಲಿ ಪಣಂಬೂರಿನಲ್ಲಿ ನವಮಂಗಳೂರು ಬಂದರು ಬಂತು, ಅಲ್ಲಿಯವರು ಎದ್ದು ಕಾಟಿಪಳ್ಳಕ್ಕೆ ಹೋದರು. ಆಮೇಲೆ ಎಂ.ಸಿ.ಎಫ್., ಕುದುರೆಮುಖ, ಎಂ.ಆರ್.ಪಿ.ಎಲ್. ಈ ಕಾರ್ಖಾನೆಗಳಲ್ಲಿ ಕನ್ನಡಿಗರಿಗೆ ಕೆಲಸ ಕೊಡಿ ಎಂದು ನಾವು ಗೇಟಿನ ಮುಂದೆ ಕೂಗುತ್ತೇವೆ. ಕೂಗಲೇಬೇಕು. ಸರೋಜಿನಿ ಮಹಿಷಿ ವರದಿ 1986ರಲ್ಲಿ ಬಂದದ್ದು, ಇಂದಿಗೂ ಕೂಗುತ್ತಲೇ ಇದ್ದೇವೆ. ಆದರೆ ಕೆಲಸ ಕೇಳುವ ನಾವು ಆ ಕಾರ್ಖಾನೆಯ ಕತೆ ಕೇಳಿದ್ದೇವೆಯೇ? ಯಾರ ಗದ್ದೆ ಹೋಯಿತು, ಹೊಗೆ ಯಾರ ಮನೆಗೆ ಬಂತು, ಲಾಭ ಯಾವ ಊರಿಗೆ ಹೋಯಿತು, ಇದು ಕನ್ನಡದಲ್ಲಿ ದಾಖಲಾಗದಿದ್ದರೆ ನಾಳೆ ಕಂಪನಿಯ ಬಣ್ಣದ ಪುಸ್ತಿಕೆಯೇ ಇತಿಹಾಸವಾಗುತ್ತದೆ.

ಇನ್ನು ಆಕಾಶ.

1871ರ ಡಿಸೆಂಬರ್ 12ರಂದು ಪೂರ್ಣ ಸೂರ್ಯಗ್ರಹಣ. ಅದನ್ನು ನೋಡಲು ಇಂಗ್ಲೆಂಡಿನಿಂದ ತಂಡ ಕಟ್ಟಿಕೊಂಡು ನಾರ್ಮನ್ ಲಾಕಿಯರ್ ಬಂದ. ಸೂರ್ಯನ ಬೆಳಕನ್ನು ಸೀಳಿ ನೋಡಿ ಹೀಲಿಯಂ ಎಂಬ ಹೊಸ ವಸ್ತುವಿನ ಗುರುತು ಹಿಡಿದವನು, ‘ನೇಚರ್’ ಪತ್ರಿಕೆ ಶುರುಮಾಡಿದವನು. ಅವನು ಎಲ್ಲಿ ನಿಂತು ಗ್ರಹಣ ನೋಡಿದ ಗೊತ್ತೇ? ಬೇಕಲದ ಕೋಟೆಯಲ್ಲಿ! ಕೆಳದಿ ನಾಯಕರು ಕಟ್ಟಿದ ಕೋಟೆ. ಅಂದು ಬೇಕಲವು ಮಂಗಳೂರು ಕೇಂದ್ರವಾಗಿದ್ದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರಂದು ಕಾಸರಗೋಡಿನೊಂದಿಗೆ ನಮ್ಮ ಕೈತಪ್ಪಿತು, ಆ ಗಾಯ ಬೇರೆ. ಇವತ್ತು ನೀವು ಅದೇ ಕೋಟೆಗೆ ಬೈಕಿನಲ್ಲಿ ಹೋಗುತ್ತೀರಿ, ಸಿನಿಮಾ ಹಾಡಿನ ಜಾಗ ಎಂದು ಫೋಟೋ ತೆಗೆಸಿಕೊಂಡು ಬರುತ್ತೀರಿ. ಆಧುನಿಕ ಖಗೋಳ ವಿಜ್ಞಾನ ಆ ಗೋಡೆಯ ಮೇಲೆ ದುರ್ಬೀನು ಇಟ್ಟಿತ್ತು ಎಂದು ಯಾರಾದರೂ ಹೇಳಿದರೇ?

ಹೇಳುವವರು ಇಲ್ಲದ ಜಾಗದಲ್ಲಿ ಯಾರು ಬಂದು ಕೂರುತ್ತಾರೆ ಎಂಬುದನ್ನು 2019ರ ಡಿಸೆಂಬರ್ 26ರಂದು ಕಂಡೆವು. ಅದೇ ಕರಾವಳಿಯಲ್ಲಿ ಕಂಕಣ ಗ್ರಹಣ. ಟಿ.ವಿ. ಹಾಕಿದರೆ ಕನ್ನಡದಲ್ಲಿ ಬೆಳಗಿನಿಂದ ಮಾತಾಡಿದವರು ಜೋತಿಷಿಗಳು! ಯಾವ ರಾಶಿಗೆ ಕಂಟಕ, ಯಾರು ಊಟ ಮಾಡಬಾರದು, ಬಸುರಿ ಹೊರಗೆ ಬರಬಹುದೇ. ಸೂರ್ಯ ಚಂದ್ರರ ಬಗ್ಗೆ ನಿಜ ತಿಳಿಯಬೇಕಾದರೆ ಇಂಗ್ಲಿಷ್, ಭಯ ಬೇಕಾದರೆ ಕನ್ನಡ! ನಮ್ಮ ಭಾಷೆಗೆ ಇದಕ್ಕಿಂತ ದೊಡ್ಡ ಅವಮಾನವನ್ನು ಯಾವ ಪರಭಾಷಿಕನೂ ಮಾಡಿಲ್ಲ.

ಇಷ್ಟಾಗಿ ಕನ್ನಡದಲ್ಲಿ ಬರೆದವರಿಲ್ಲವೇ? ಇದ್ದಾರೆ, ಅದೂ ಇದೇ ಮಣ್ಣಿನವರು. ಗಾಂಧೀಜಿಯ ಕರೆಗೆ ಮಂಗಳೂರಿನ ಸರಕಾರಿ ಕಾಲೇಜು ಬಿಟ್ಟು ಹೊರಟ ಹುಡುಗ ಶಿವರಾಮ ಕಾರಂತ. ಡಿಗ್ರಿ ಇಲ್ಲ. ಆತ 1930ರ ದಶಕದಲ್ಲಿ ಮಕ್ಕಳಿಗಾಗಿ ಮೂರು ಸಂಪುಟಗಳ ‘ಬಾಲ ಪ್ರಪಂಚ’ ಬರೆದರು, ಆಮೇಲೆ ದೊಡ್ಡವರಿಗಾಗಿ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’. ಒಬ್ಬನೇ ಮನುಷ್ಯ! ವಿಶ್ವವಿದ್ಯಾನಿಲಯಗಳ ಇಲಾಖೆಗಳು ಸಂಬಳ ಎಣಿಸುತ್ತಿದ್ದಾಗ ಪುತ್ತೂರಿನಲ್ಲಿ ಕೂತು ಒಬ್ಬ ಕಾದಂಬರಿಕಾರ ಗ್ರಹ, ನಕ್ಷತ್ರ, ಬಂಡೆ, ಗಿಡ, ಯಂತ್ರ ಎಲ್ಲವನ್ನೂ ಕನ್ನಡಕ್ಕೆ ತಂದರು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನಲ್ಲೂ ಗಣಿತ ಪಾಠ ಹೇಳಿದ ಜಿ.ಟಿ. ನಾರಾಯಣ ರಾವ್ ನಕ್ಷತ್ರ ನೋಡುವುದನ್ನು ಕನ್ನಡದಲ್ಲಿ ಕಲಿಸಿದರು, ‘ಕೃಷ್ಣ ವಿವರಗಳು’ ಬರೆದರು, ಕನ್ನಡ ವಿಶ್ವಕೋಶದ ವಿಜ್ಞಾನ ವಿಭಾಗ ನೋಡಿಕೊಂಡರು. ಅವರ ಪುಸ್ತಕಗಳು ಸುಲಭವಾಗಿ ಸಿಗುತ್ತಿದ್ದ ಬಲ್ಮಠದ ಅತ್ರಿ ಬುಕ್ ಸೆಂಟರ್ 2012ರಲ್ಲಿ ಬಾಗಿಲು ಹಾಕಿತು. ಊರಿನಲ್ಲಿ ಒಂದು ಬಾರ್ ಮುಚ್ಚಿದ್ದರೆ ಇದಕ್ಕಿಂತ ಹೆಚ್ಚು ಗಲಾಟೆ ಆಗುತ್ತಿತ್ತು.

‘ಕನ್ನಡದಲ್ಲಿ ಪದಗಳೇ ಇಲ್ಲ, ಇರುವುದು ಬಾಯಿಗೆ ಬರುವುದಿಲ್ಲ’ ಎಂಬ ರಾಗ ಗೊತ್ತಿದ್ದದ್ದೇ. ಕೇಳಿ: ಇಂಗ್ಲಿಷಿನ ಪ್ಲಾನೆಟ್, ಕಾಮೆಟ್, ಗ್ಯಾಲಕ್ಸಿ ಯಾವುದೂ ಇಂಗ್ಲಿಷಿನ ಅಪ್ಪನ ಮನೆಯ ಆಸ್ತಿಯಲ್ಲ, ಗ್ರೀಕಿನಿಂದ ತಂದದ್ದು. ‘ಸೈಂಟಿಸ್ಟ್’ ಎಂಬ ಪದವೇ 1834ರವರೆಗೆ ಅಚ್ಚಿನಲ್ಲಿ ಇರಲಿಲ್ಲ. ವ್ಹೀವೆಲ್ ಎಂಬ ಪಂಡಿತ ಹುಟ್ಟಿಸಿದ ಆ ಪದವನ್ನು ಇಂಗ್ಲಿಷಿನವರೇ ಬಹಳ ಕಾಲ ಒರಟು ಎಂದು ಮೂಗು ಮುರಿದರು. ಬಳಸಿದರು, ಬಳಸಿದರು, ಹದವಾಯಿತು. ಬ್ಲ್ಯಾಕ್ ಹೋಲಿಗೆ ‘ಕೃಷ್ಣ ವಿವರ’ ಭಾರವಾದರೆ ‘ಕಪ್ಪು ಕುಳಿ’ ಎನ್ನಿ, ಅದೂ ಬೇಡವೆಂದರೆ ಬ್ಲ್ಯಾಕ್ ಹೋಲ್ ಎಂದೇ ಕನ್ನಡ ಅಕ್ಷರದಲ್ಲಿ ಬರೆಯಿರಿ. ರೈಲು, ಬಸ್ಸು, ಟಿಕೆಟ್ಟುಗಳನ್ನು ನುಂಗಿ ಅರಗಿಸಿಕೊಂಡ ಭಾಷೆಗೆ ಒಂದು ಕುಳಿ ಹೆಚ್ಚೇ?

ಇಂಗ್ಲಿಷ್ ಓದಬೇಡಿ ಎಂದು ಈ ಪತ್ರಿಕೆ ಹೇಳುತ್ತಿಲ್ಲ. ಬ್ರೌನಿಂಗ್ 1842ರಲ್ಲಿ ಪ್ರಕಟಿಸಿದ ಇಲಿಗಳ ಪದ್ಯವನ್ನು ಕುವೆಂಪು ಇಂಗ್ಲಿಷಿನಲ್ಲೇ ಓದಿದ್ದು. ಓದಿ ಏನು ಮಾಡಿದರು? ಹ್ಯಾಮೆಲಿನ್ ಊರನ್ನು ಎತ್ತಿ ತಂದು ಬೊಮ್ಮನಹಳ್ಳಿ ಮಾಡಿದರು. ನಿಮ್ಮ ಅಮ್ಮನಿಗೆ ಕಿಂದರಿಜೋಗಿ ಬಾಯಿಪಾಠ, ಬ್ರೌನಿಂಗ್ ಯಾರೆಂದು ಗೊತ್ತಿಲ್ಲ. ಕಳ್ಳತನವಲ್ಲ, ದಾಸ್ಯವೂ ಅಲ್ಲ, ಅದು ಯಜಮಾನಿಕೆ. ನೀವು ಎಂಜಿನಿಯರಿಂಗ್ ಓದಿ, ಆದರೆ ಓದಿದ್ದನ್ನು ತಂಗಿಗೆ ಕನ್ನಡದಲ್ಲಿ ಹೇಳಲು ಬಾರದಿದ್ದರೆ ನೀವು ಓದಿದ್ದು ಏನು?

‘ನಮ್ಮ ಮನೆಯಲ್ಲಿ ತುಳು, ನಮ್ಮದು ಕೊಂಕಣಿ, ನಮ್ಮದು ಬ್ಯಾರಿ, ನಮಗ್ಯಾಕೆ?’ ಎನ್ನುವವರೂ ಇದ್ದಾರೆ. ಆ ಭಾಷೆಗಳು ಬಾಳಲಿ. ತುಳುವನ್ನೂ ಮೊದಲು ಅಚ್ಚು ಹಾಕಿದ್ದು ಅದೇ ಬಲ್ಮಠದಲ್ಲಿ, ಕನ್ನಡ ಅಕ್ಷರದಲ್ಲಿ. ಕನ್ನಡದ ಕಪಾಟು ಖಾಲಿಯಾದರೆ ತುಳುವಿನ ಕಪಾಟು ತುಂಬುವುದಿಲ್ಲ, ಎರಡರ ಜಾಗದಲ್ಲೂ ಇಂಗ್ಲಿಷ್ ಬಂದು ಕೂರುತ್ತದೆ.

ನಮ್ಮ ಸಂಘಟನೆಗಳಿಗೂ ಒಂದು ಮಾತು. ಇಂಗ್ಲಿಷ್ ಬೋರ್ಡಿಗೆ ಮಸಿ ಬಳಿಯಲು ನೂರು ಹುಡುಗರು ಬರುತ್ತಾರೆ. ‘ವಿಜ್ಞಾನ ಪ್ರಪಂಚ’ ಮರುಮುದ್ರಣ ಮಾಡಿ ಎಂದು ಒಂದು ಅರ್ಜಿಗೆ ಸಹಿ ಹಾಕಲು ಎಷ್ಟು ಜನ ಬರುತ್ತೀರಿ? 2014ರ ಮೇ 6ರಂದು ಸುಪ್ರೀಂ ಕೋರ್ಟು, ಪ್ರಾಥಮಿಕ ಶಾಲೆಯಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರಕಾರ ಕಡ್ಡಾಯ ಮಾಡುವಂತಿಲ್ಲ ಎಂದಿತು. ಕಾನೂನಿನ ಬಾಗಿಲು ಅಲ್ಲಿಗೆ ಮುಚ್ಚಿತು. ಇನ್ನು ಮಗುವನ್ನು ಕನ್ನಡಕ್ಕೆ ಎಳೆಯಬೇಕಾದ್ದು ಪುಸ್ತಕ. ಪಿಲಿಕುಳದ ನಿಸರ್ಗಧಾಮಕ್ಕೆ ಕಾರಂತರ ಹೆಸರಿಟ್ಟಿದ್ದೀರಿ, 2018ರಲ್ಲಿ ಅಲ್ಲಿ ತ್ರೀ-ಡಿ ತಾರಾಲಯವೂ ಬಂತು, ಸಂತೋಷ. ಅದನ್ನು ನೋಡಿ ಬಾಯಿ ತೆರೆದುಕೊಂಡು ಹೊರಬಂದ ಆರನೇ ಕ್ಲಾಸಿನ ಹುಡುಗಿಯ ಕೈಗೆ ಕೊಡಲು ಕಾರಂತರ ಪುಸ್ತಕ ಇದೆಯೇ?

ದುಡ್ಡಿಲ್ಲ ಎನ್ನುವಂತಿಲ್ಲ. 1965ರ ಗ್ರಂಥಾಲಯ ಕಾಯ್ದೆಯಂತೆ ನಿಮ್ಮ ಮನೆಯ ಆಸ್ತಿ ತೆರಿಗೆಯ ಜೊತೆ ಶೇ. 6ರಷ್ಟು ಗ್ರಂಥಾಲಯ ಕರ ಕಟ್ಟುತ್ತಿದ್ದೀರಿ. ರಸೀದಿ ತೆಗೆದು ನೋಡಿ. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎನ್ನಿಸಿಕೊಂಡ ಎಸ್.ಆರ್. ರಂಗನಾಥನ್ 1917ರಲ್ಲಿ ಮೊದಲ ನೌಕರಿ ಹಿಡಿದು ಗಣಿತ ಕಲಿಸಿದ್ದು ಇದೇ ಹಂಪನಕಟ್ಟೆಯ ಸರಕಾರಿ ಕಾಲೇಜಿನಲ್ಲಿ ಎಂಬುದನ್ನೂ ಕರ ವಸೂಲಿ ಮಾಡುವವರಿಗೆ ನೆನಪಿಸಿ.

ಆಮೇಲೆ ಒಂದು ಬಿಳಿ ಹಾಳೆ ತೆಗೆದುಕೊಳ್ಳಿ. ಮಾಹಿತಿ ಹಕ್ಕು ಕಾಯ್ದೆಯಡಿ, ಹತ್ತು ರೂಪಾಯಿ ಶುಲ್ಕದೊಂದಿಗೆ, ನಗರ ಕೇಂದ್ರ ಗ್ರಂಥಾಲಯಕ್ಕೆ ಕನ್ನಡದಲ್ಲಿ ಬರೆಯಿರಿ: ಕಳೆದ ಐದು ವರ್ಷದಲ್ಲಿ ಪಾಲಿಕೆಯಿಂದ ಬಂದ ಕರ ಎಷ್ಟು, ಬಾಕಿ ಎಷ್ಟು, ಅದರಲ್ಲಿ ಖಗೋಳ, ವಿಜ್ಞಾನ ಮತ್ತು ಈ ಜಿಲ್ಲೆಯ ಕೈಗಾರಿಕಾ ಚರಿತ್ರೆಯ ಕನ್ನಡ ಪುಸ್ತಕ ಕೊಂಡದ್ದು ಎಷ್ಟು. ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ಬಂದ ಉತ್ತರದ ಪ್ರತಿಯನ್ನು ನಮಗೆ ಕಳಿಸಿ, ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ. ಬಾರದಿದ್ದರೆ ಬಾರದ ದಿನಗಳ ಲೆಕ್ಕ ಹಾಕುತ್ತೇವೆ.