ಬಾಟಲಿ ಕಾಯುವ ಸರ್ಪಗಳು

ಮೊನ್ನೆ ಶನಿವಾರ ಕಾಲೇಜಿನ ಗೆಳೆಯನೊಬ್ಬ ಫೋನ್ ಮಾಡಿದ್ದ. "ಮಗಾ, ಷೇರು, ಸೈಟು ಎಲ್ಲಾ ಹಳೇದಾಯ್ತು. ಈಗ ವೈನ್ ಮೇಲೆ ದುಡ್ಡು ಹಾಕ್ಬೇಕು. ಹಳೇ ಪೋರ್ಟು, ಮದೀರಾ, ಬೋರ್ಡೋ... ಇಂಗ್ಲೆಂಡಿನ ಗೋದಾಮಲ್ಲಿ ನಮ್ಮ ಹೆಸರಲ್ಲೇ ಇರುತ್ತೆ, ಹತ್ತು ವರ್ಷ ಬಿಟ್ಟು ಮಾರೋದು" ಅಂದ. "ಸರಿ, ಕುಡಿಯೋದು ಯಾವಾಗ?" ಅಂತ ಕೇಳಿದೆ. ಜೋರಾಗಿ ನಕ್ಕುಬಿಟ್ಟ. "ಕುಡಿಯೋಕೆ ಯಾರೋ ತಗೋತಾರೆ ಇದನ್ನ?"

ಆ ನಗುವಿಗೆ ಫೋನಿನಲ್ಲಿ ಉತ್ತರ ಹೊಳೆಯಲಿಲ್ಲ. ಈಗ ಬರೀತಿದ್ದೀನಿ.

ಮೊದಲೇ ಹೇಳಿಬಿಡ್ತೀನಿ, ನಾನು ವೈನ್ ಪಂಡಿತನಲ್ಲ. ಆನ್‌ಸೈಟ್ ಅಂತ ಎಂಟು ತಿಂಗಳು ಇಂಗ್ಲೆಂಡಿನಲ್ಲಿದ್ದಾಗ ಹತ್ತಿದ ಹುಚ್ಚು ಇದು. ಕುಡಿದದ್ದಕ್ಕಿಂತ ಓದಿದ್ದೇ ಜಾಸ್ತಿ :) ಕುಡಿಯೋದು ಸರಿಯೋ ತಪ್ಪೋ ಅನ್ನೋ ಜಗಳ ಇನ್ನೊಂದು ದಿನ ಆಡೋಣ. ನನ್ನ ತಕರಾರು ಇಷ್ಟೇ: ಕುಡಿಯಲೆಂದು ಮಾಡಿದ್ದನ್ನು ಎಂದೂ ಕುಡಿಯದೆ ಕೈಯಿಂದ ಕೈಗೆ ದಾಟಿಸುವುದನ್ನು ರಸಿಕತೆ ಅಂತ ಕರೆಯಬೇಡಿ.

ಪೋರ್ಟ್ ಅಂದರೇನು? ಪೋರ್ಚುಗಲ್ಲಿನ ದೋರು ಕಣಿವೆಯ ದ್ರಾಕ್ಷಿ ರಸ ಹುದುಗುತ್ತಿರುವಾಗ, ಸಕ್ಕರೆ ಅಂಶ ಇನ್ನೂ ಉಳಿದಿರುವಾಗಲೇ, ಅದಕ್ಕೆ ದ್ರಾಕ್ಷಿಯಿಂದಲೇ ಇಳಿಸಿದ ಖಡಕ್ ಸಾರಾಯಿ ಸೇರಿಸುತ್ತಾರೆ. ಹುದುಗುವುದು ಅಲ್ಲಿಗೇ ನಿಲ್ಲುತ್ತೆ. ಸಿಹಿಯೂ ಉಳಿಯುತ್ತೆ, ಸುಮಾರು ಶೇ 20ರಷ್ಟು ಆಲ್ಕೋಹಾಲೂ ಸೇರುತ್ತೆ. ಆ ಕಣಿವೆಗೆ 1756ರಲ್ಲೇ ಗಡಿ ಗುರುತಿಸಿದ್ದರು. ಎಲ್ಲ ವರ್ಷವೂ 'ವಿಂಟೇಜ್' ಆಗೋದಿಲ್ಲ. ಒಳ್ಳೆಯ ಬೆಳೆ ಬಂದ ವರ್ಷ ಮಾತ್ರ ಹಾಗೆ ಘೋಷಿಸುತ್ತಾರೆ, ಹತ್ತು ವರ್ಷಕ್ಕೆ ಮೂರು ಸಲ ಅಂದುಕೊಳ್ಳಿ. ಎರಡು ಮೂರು ವರ್ಷ ಮರದ ಪೀಪಾಯಿಯಲ್ಲಿಟ್ಟು ಬಾಟಲಿಗೆ ತುಂಬಿದರೆ, ಆಮೇಲೆ ಇಪ್ಪತ್ತು ಮೂವತ್ತು ವರ್ಷ ಬಾಟಲಿಯೊಳಗೇ ಹಣ್ಣಾಗುತ್ತೆ.

ಅಂದರೆ ಕೂಡಿಡುವುದು ತಪ್ಪಲ್ಲ. ಕೂಡಿಡಲೇಬೇಕು! ಇಂಗ್ಲೆಂಡಿನ ಶ್ರೀಮಂತರ ಮನೆಗಳಲ್ಲಿ ಮಗು ಹುಟ್ಟಿದಾಗ ಆ ವರ್ಷದ ಪೋರ್ಟ್ ತೆಗೆದಿಟ್ಟು, ಮಗುವಿಗೆ 21 ತುಂಬಿದಾಗ ತೆರೆಯುವ ಪದ್ಧತಿ ಇತ್ತು. ಎಷ್ಟು ಚೆಂದ ಅಲ್ವಾ? ಆದರೆ ಗಮನಿಸಿ, ಅಲ್ಲಿ ಬಾಟಲಿ ತೆರೆಯುವ ತಾರೀಖು ಮೊದಲೇ ಗೊತ್ತಿತ್ತು. ಯಾರ ಜೊತೆ ಅನ್ನೋದೂ ಗೊತ್ತಿತ್ತು. ನನ್ನ ಗೆಳೆಯನ ಯೋಜನೆಯಲ್ಲಿ ತಾರೀಖೂ ಇಲ್ಲ, ಮನುಷ್ಯರೂ ಇಲ್ಲ. ಬರೀ ಎಕ್ಸೆಲ್ ಶೀಟು.

ಬಾಟಲಿ ತೆರೆಯದ ಈ ಸಂಸ್ಕೃತಿಯ ಫಲ ಏನು ಗೊತ್ತಾ? ಮೋಸ.

ನಾವು ಸಾಫ್ಟ್‌ವೇರಿನವರಿಗೆ ಇದು ಬೇಗ ಅರ್ಥವಾಗುತ್ತೆ. ವೈನಿಗೆ ಇರುವ ಅಸಲಿ ಟೆಸ್ಟ್ ಒಂದೇ, ತೆರೆದು ಕುಡಿಯೋದು. ಆ ಟೆಸ್ಟ್ ಮಾಡಿದರೆ ಮಾಲು ಖಾಲಿ. ಹಾಗಾಗಿ ಯಾರೂ ಮಾಡೋದಿಲ್ಲ. ಟೆಸ್ಟೇ ಆಗದ ಕೋಡು ಹತ್ತು ಸಲ ಕೈ ಬದಲಾಯಿಸಿದರೆ ಅದರಲ್ಲಿ ಏನೆಲ್ಲ ಸೇರಿಕೊಂಡಿರಬಹುದು, ನೀವೇ ಯೋಚಿಸಿ.

2008ರಲ್ಲಿ ನ್ಯೂಯಾರ್ಕಿನ ಒಂದು ಹರಾಜಿಗೆ ಫ್ರಾನ್ಸಿನ ಬರ್ಗಂಡಿಯ ಪೊನ್ಸೋ ಮನೆತನದ 'ಕ್ಲೋ ಸೇನ್ ದನಿ' ವೈನುಗಳು ಬಂದಿದ್ದವು. ಲೇಬಲ್ ಮೇಲೆ 1945ರಿಂದ 1971ರವರೆಗಿನ ವರ್ಷಗಳು. ಆ ಮನೆತನದ ಲೋರಾನ್ ಪೊನ್ಸೋ ಖುದ್ದಾಗಿ ಬಂದು ತಡೆದರು. ಯಾಕೆಂದರೆ ಅವರ ಮನೆತನ ಆ ವೈನ್ ಮಾಡಲು ಶುರುಮಾಡಿದ್ದೇ 1982ರಲ್ಲಿ! ಹರಾಜಿಗೆ ಅದನ್ನು ಕೊಟ್ಟಿದ್ದವನು ರೂಡಿ ಕುರ್ನಿಯವಾನ್. 2006ರ ಎರಡೇ ಹರಾಜುಗಳಲ್ಲಿ ಸುಮಾರು 35 ಮಿಲಿಯನ್ ಡಾಲರ್ ವ್ಯಾಪಾರ ಮಾಡಿದ್ದ ಆಸಾಮಿ. 2012ರಲ್ಲಿ ಅವನನ್ನು ಬಂಧಿಸಿದಾಗ ಮನೆಯಲ್ಲಿ ಸಿಕ್ಕಿದ್ದು ಕಟ್ಟುಗಟ್ಟಲೆ ಲೇಬಲ್ಲು, ಕಾರ್ಕು, ಖಾಲಿ ಬಾಟಲಿ. ಅಡುಗೆಮನೆಯೇ ಕಾರ್ಖಾನೆ. 2014ರಲ್ಲಿ ಹತ್ತು ವರ್ಷ ಶಿಕ್ಷೆಯಾಯಿತು.

ಇನ್ನೊಂದು ಕತೆ ಇದಕ್ಕಿಂತ ಹಳೇದು. 1985ರ ಡಿಸೆಂಬರಿನಲ್ಲಿ ಲಂಡನ್ನಿನ ಕ್ರಿಸ್ಟೀಸ್ ಹರಾಜಿನಲ್ಲಿ 1787ರದ್ದು ಎನ್ನಲಾದ ಲಾಫಿಟ್ ಬಾಟಲಿಯೊಂದು 1,05,000 ಪೌಂಡಿಗೆ ಹೋಯಿತು. ಗಾಜಿನ ಮೇಲೆ ಕೊರೆದ ಅಕ್ಷರಗಳ ಪ್ರಕಾರ ಅದು ಅಮೆರಿಕದ ಅಧ್ಯಕ್ಷ ಥಾಮಸ್ ಜೆಫರ್ಸನ್‌ಗೆ ಸೇರಿದ್ದಂತೆ. ಕೊಂಡದ್ದು ಫೋರ್ಬ್ಸ್ ಕುಟುಂಬ. ಪ್ರದರ್ಶನಕ್ಕಿಟ್ಟು ಮೇಲೆ ದೀಪ ಬಿಟ್ಟರು. ಆ ಬಿಸಿಗೆ ಕಾರ್ಕ್ ಒಣಗಿ, ಕುಗ್ಗಿ, ಬಾಟಲಿಯೊಳಗೇ ಬಿತ್ತು. ಇದೇ ಮೂಲದಿಂದ ಬಂದ ನಾಲ್ಕು ಬಾಟಲಿ ಕೊಂಡಿದ್ದ ಬಿಲ್ ಕೋಕ್ ಎಂಬ ಕುಬೇರ ಮುಂದೆ ತನಿಖೆ ಮಾಡಿಸಿದಾಗ, ಅವು ಜೆಫರ್ಸನ್‌ನವು ಅನ್ನೋದಕ್ಕೆ ಪುರಾವೆಯೇ ಸಿಗಲಿಲ್ಲ. ಆ ಅಕ್ಷರಗಳನ್ನು ಕೊರೆದದ್ದು ಕರೆಂಟಿನ ಉಪಕರಣದಿಂದ ಅಂತ ಅವರು ನೇಮಿಸಿದ ತಜ್ಞರು ಹೇಳಿದರು. 1787ರಲ್ಲಿ ಕರೆಂಟು!

ಇನ್ನು ತೆರಿಗೆಯ ತಮಾಷೆ ಕೇಳಿ. ಬ್ರಿಟನ್ನಿನಲ್ಲಿ ಐವತ್ತು ವರ್ಷಕ್ಕಿಂತ ಹೆಚ್ಚು ಬಾಳಿಕೆ ಬರದ ವಸ್ತುವನ್ನು ಸವೆಯುವ ಆಸ್ತಿ ಅಂತ ಲೆಕ್ಕ ಹಿಡಿದು, ಮಾರಿದ ಲಾಭಕ್ಕೆ ಸಾಮಾನ್ಯವಾಗಿ ತೆರಿಗೆ ಹಾಕೋದಿಲ್ಲ. ವೈನ್ ಹೂಡಿಕೆಯ ದೊಡ್ಡ ಆಕರ್ಷಣೆಯೇ ಇದು. ಅಂದರೆ ತೆರಿಗೆಯವರ ಮುಂದೆ "ಸ್ವಾಮೀ, ಇದು ಕೆಟ್ಟುಹೋಗೋ ಪದಾರ್ಥ", ಕೊಳ್ಳುವವನ ಮುಂದೆ "ಸಾರ್, ಇದು ಅಜರಾಮರ"! (ಪೋರ್ಟ್‌ನಂಥ ದೀರ್ಘಾಯುಷಿಗಳ ವಿಷಯದಲ್ಲಿ ಈ ವಾದವನ್ನು ತೆರಿಗೆ ಇಲಾಖೆ ಅಷ್ಟು ಸುಲಭಕ್ಕೆ ಒಪ್ಪೋದಿಲ್ಲ, ಅದು ಬೇರೆ ಮಾತು.)

"ಸಂಗ್ರಾಹಕರು ಇಲ್ಲದಿದ್ದರೆ ಹಳೇ ವೈನ್ ಉಳೀತಿತ್ತಾ?" ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಉತ್ತರ ಮದೀರಾದಲ್ಲಿದೆ. ಅಟ್ಲಾಂಟಿಕ್ ಸಾಗರದ ಆ ದ್ವೀಪದ ವೈನ್ ಹಡಗಿನಲ್ಲಿ ಉಷ್ಣವಲಯ ದಾಟಿ ಬಂದು ಇನ್ನೂ ರುಚಿಯಾಯಿತು ಅಂತ ಗೊತ್ತಾದ ಮೇಲೆ, ಬೇಕೆಂದೇ ಬಿಸಿ ತಾಗಿಸಿ ಮಾಗಿಸುತ್ತಾರೆ. ಅದರಲ್ಲೇ ಶ್ರೇಷ್ಠವಾದದ್ದು ಕನಿಷ್ಠ 20 ವರ್ಷ ಪೀಪಾಯಿಯಲ್ಲಿರಬೇಕು. ತೆರೆದ ಮೇಲೂ ತಿಂಗಳುಗಟ್ಟಲೆ ಕೆಡೋದಿಲ್ಲ. 1815ರಲ್ಲಿ ಸೇಂಟ್ ಹೆಲೆನಾಕ್ಕೆ ಗಡೀಪಾರಾಗಿ ಹೋಗುತ್ತಿದ್ದ ನೆಪೋಲಿಯನ್ ಹಡಗಿಗೆ 1792ರ ಮದೀರಾದ ಒಂದು ಪೀಪಾಯಿ ಹತ್ತಿಸಿದರಂತೆ. ಅವನು ಮುಟ್ಟಲೇ ಇಲ್ಲ, ಅವನು ಸತ್ತ ಮೇಲೆ ಅದು ವಾಪಸ್ ಬಂತು ಅನ್ನೋದು ಕತೆ. 1950ರಲ್ಲಿ ಆ ದ್ವೀಪಕ್ಕೆ ಹೋಗಿದ್ದ ಚರ್ಚಿಲ್‌ಗೆ 1792ರ ಒಂದು ಬಾಟಲಿ ಕೊಟ್ಟರು. ಆತ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಲಿಲ್ಲ. ಊಟಕ್ಕೆ ಕೂತವರಿಗೆಲ್ಲ ತಾನೇ ಬಡಿಸಿದನಂತೆ. ಆ ಬಾಟಲಿಯನ್ನು ಅಲ್ಲಿಯವರೆಗೆ ಕಾಪಾಡಿದವರೆಲ್ಲರ ಶ್ರಮ ಸಾರ್ಥಕವಾದದ್ದು ಆ ರಾತ್ರಿ. ತೆರೆಯುವವನೊಬ್ಬ ಬರಲಿ ಅಂತ ಕಾಯುವವನು ಸಂಗ್ರಾಹಕ. ಯಾರೂ ತೆರೆಯದಿರಲಿ ಅಂತ ಕಾಯುವವನು ನಿಧಿ ಕಾಯೋ ಸರ್ಪ. ತಾನೂ ಉಣ್ಣಲ್ಲ, ಬೇರೆಯವರಿಗೂ ಬಿಡಲ್ಲ.

ಇಷ್ಟು ಸಿಟ್ಟು ಯಾಕೆ ಅಂದಿರಾ? ನಾನೂ ಒಂದು ಮರಿ ಸರ್ಪವೇ.

ಇಂಗ್ಲೆಂಡಿನಿಂದ ಬರುವಾಗ ಅಪ್ಪನಿಗೆ ಅಂತ 2011ರ ವಿಂಟೇಜ್ ಪೋರ್ಟ್ ಒಂದು ತಂದಿದ್ದೆ. ಅಪ್ಪ ಮದುವೆ ಮುಂಜಿ ಮುಗಿದ ರಾತ್ರಿ ಚಿಕ್ಕಪ್ಪನ ಜೊತೆ ಒಂದು ಗುಟುಕು ಬ್ರಾಂಡಿ ಹಾಕುತ್ತಿದ್ದ ಮನುಷ್ಯ, ಅಷ್ಟೇ. ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡಿ "ಯಾವಾಗ ತೆಗೆಯೋದೋ?" ಅಂದರು. ನಾನು ದೊಡ್ಡ ಪಂಡಿತನ ಹಾಗೆ, "ಇದು ಇನ್ನೂ ಎಳಸು ಅಪ್ಪಾ, ಇಪ್ಪತ್ತು ವರ್ಷ ಇಟ್ಟರೆ ರುಚಿ ಬೇರೆ, ರೇಟೂ ಬೇರೆ" ಅಂದೆ. "ಇಪ್ಪತ್ತು ವರ್ಷಾನಾ? ಅಷ್ಟು ದಿನ ಯಾರಿರ್ತಾರಪ್ಪಾ" ಅಂತ ನಕ್ಕು ಬೀರುವಿನ ಮೇಲಿಟ್ಟರು. ಮುಂದಿನ ವರ್ಷ ಅಪ್ಪ ಹೋದರು.

ಬಾಟಲಿ ಅಲ್ಲೇ ಇದೆ. ಮಲಗಿಸಿಡಬೇಕಾದದ್ದು ನೆಟ್ಟಗೆ ನಿಂತಿದೆ. ಎರಡು ಬೇಸಿಗೆ ಕಳೆದಿದೆ. ಕಾರ್ಕ್ ಒಣಗಿದೆಯೋ ಏನೋ. ಮೊನ್ನೆ ಗೆಳೆಯನ ಫೋನ್ ಇಟ್ಟ ಮೇಲೆ ಅದರ ಧೂಳು ಒರೆಸಿ, ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಮುಂದಿನ ಭಾನುವಾರ ಬರ್ತಾರೆ. ವಿನಿಗರ್ ಆಗಿದ್ದರೆ ಇಬ್ಬರೂ ಮುಖ ಹಿಂಡಿಕೊಂಡು ಒಂದೊಂದು ಗುಟುಕು ಕುಡೀತೀವಿ. ಚೆನ್ನಾಗಿದ್ದರೆ ಇನ್ನೂ ಕಷ್ಟ.

ನಿಮ್ಮ ಮನೆ ಬೀರುವಿನ ಮೇಲೆ ಏನಿದೆ? ವೈನೇ ಆಗಬೇಕಿಲ್ಲ. ಹೋಗಿ ಇಳಿಸಿ.