ಕಾರಣ ಕಳಚಿದ ಕೂಗು

ಹಳೆಯ ಚಲನಚಿತ್ರವೊಂದರ ದೃಶ್ಯದಿಂದ ಚಿತ್ರಕಾರನು ಒಂದು ಮಾನವಾಕೃತಿಯನ್ನೆತ್ತಿ ತೈಲವರ್ಣದಲ್ಲಿ ಬರೆದನೆಂದರೆ, ಅದು ಸ್ವತಂತ್ರ ಕೃತಿಯೋ ಪರರ ಎಂಜಲೋ ಎಂಬ ಶಂಕೆ ರಸಿಕರಲ್ಲಿ ಏಳುವುದು ಸಹಜ. ವ್ಯಾಸರ ಕಥೆಯನ್ನು ಪಂಪನು ಮತ್ತೆ ಹೇಳಿದುದನ್ನು ಯಾರೂ ಕಳವೆಂದು ಬಗೆದಿಲ್ಲವೆಂಬುದು ಒಂದು ಸಮಾಧಾನವೇ ಆದರೂ ಅದು ಇಲ್ಲಿ ಪೂರ್ತಿಯಾಗಿ ಸಲ್ಲುವುದಿಲ್ಲ. ರವಿವರ್ಮನು ಹಂಸದ ಮಾತಿಗೆ ಕಿವಿಗೊಟ್ಟ ದಮಯಂತಿಯನ್ನು ಬರೆಯಹೊರಟಾಗ ಅವನ ಮುಂದಿದ್ದುದು ಬರಿಯ ಶಬ್ದ. ಕಣ್ಣು, ಮೂಗು, ಸೀರೆಯ ನೆರಿಗೆ, ಅದರ ಮೇಲೆ ಬೀಳುವ ಬೆಳಕು ಎಲ್ಲವನ್ನೂ ಅವನೇ ಒದಗಿಸಬೇಕಾಗಿತ್ತು. ಚಲನಚಿತ್ರವಾದರೋ ಇವುಗಳಲ್ಲಿ ಒಂದನ್ನೂ ಉಳಿಸದೆ, ಮುಖವನ್ನೂ ನೆರಳನ್ನೂ ನಿಶ್ಚಯಿಸಿ ಮುಂದಿಟ್ಟುಬಿಟ್ಟಿರುತ್ತದೆ. ಹೀಗೆ ಸಿದ್ಧವಾಗಿ ನಿಂತ ಬಿಂಬದೆದುರು ಕುಂಚ ಹಿಡಿದವನಿಗೆ ಮಾಡಲು ಉಳಿದಿರುವ ಕೆಲಸವಾದರೂ ಯಾವುದು?

ಒಂದು ಉದಾಹರಣೆಯನ್ನು ತುಸು ಹತ್ತಿರದಿಂದ ನೋಡೋಣ. ಸೆರ್ಗೆಯ್ ಐಸೆನ್‌ಸ್ಟೈನನು 1925ರಲ್ಲಿ ತೆಗೆದ ‘ಬ್ಯಾಟಲ್‌ಶಿಪ್ ಪೊಟೆಮ್ಕಿನ್’ ಎಂಬ ಮೂಕಿಚಿತ್ರದಲ್ಲಿ, ಒಡೆಸ್ಸಾ ನಗರದ ಮಹಾಸೋಪಾನದ ಮೇಲೆ ಝಾರನ ಸೈನಿಕರು ಸಾಲುಗಟ್ಟಿ ಇಳಿಯುತ್ತ ನಿರಾಯುಧರಾದ ಜನರ ಮೇಲೆ ಗುಂಡು ಹಾರಿಸುವ ಪ್ರಕರಣವುಂಟು. ಅದರ ಕೊನೆಯಲ್ಲಿ, ಕಿವಿಗೆ ಕಡ್ಡಿಯಿಲ್ಲದೆ ಮೂಗನ್ನೇ ಕಚ್ಚಿ ನಿಲ್ಲುವ ಕನ್ನಡಕ ಧರಿಸಿದ ಹೆಂಗಸೊಬ್ಬಳು ನಮ್ಮೆದುರು ಬರುತ್ತಾಳೆ. ಕತ್ತಿ ಬೀಸುವ ಕೊಸಾಕ ಸೈನಿಕನ ಮುಖ ಕಾಣುತ್ತದೆ. ಮರುಕ್ಷಣವೇ ಕನ್ನಡಕದ ಗಾಜು ಒಡೆದು, ಕಣ್ಣಿನಿಂದ ರಕ್ತ ಇಳಿದು, ಬಾಯಿ ತೆರೆದೇ ಉಳಿದ ಆಕೆಯ ಮುಖ ಕಾಣುತ್ತದೆ. ಪೆಟ್ಟು ಬಿದ್ದ ಗಳಿಗೆ ಮಾತ್ರ ತೆರೆಯ ಮೇಲೆ ಬರುವುದೇ ಇಲ್ಲ. ಅದನ್ನು ಕಂಡೆವೆಂದು ನಾವು ಆಣೆಯಿಟ್ಟು ಹೇಳಿಯೇವು. ಆದರೆ ಎರಡು ತುಣುಕುಗಳ ನಡುವಿನ ಸಂದಿಯಲ್ಲಿ ಅದನ್ನು ಹುಟ್ಟಿಸಿಕೊಂಡವರು ನಾವೇ. ಮೂಕಿಚಿತ್ರವಾದುದರಿಂದ ಆಕೆಯ ಕೂಗೂ ನಮಗೆ ಕೇಳಿಸದು.

ಡಬ್ಲಿನ್ನಿನಲ್ಲಿ 1909ರಲ್ಲಿ ಹುಟ್ಟಿ ಲಂಡನ್ನಿನಲ್ಲಿ ಬಾಳಿದ ಚಿತ್ರಕಾರ ಫ್ರಾನ್ಸಿಸ್ ಬೇಕನ್ನನನ್ನು ಈ ತೆರೆದ ಬಾಯಿ ಬಹುಕಾಲ ಬೆನ್ನುಹತ್ತಿತು. 1949ರಲ್ಲಿ ಅವನು ಹಿಂದಿನ ಚಿತ್ರಕಾರ ವೆಲಾಸ್ಕೆಸನು ಬರೆದಿದ್ದ ಪೋಪನ ಮುಖಕ್ಕೆ ಇಂಥದೇ ಬಾಯನ್ನು ತೊಡಿಸಿದನು. 1957ರಲ್ಲಿ ಆ ಹೆಂಗಸನ್ನೇ ಬರೆದನು. ಈಗ ಫ್ರಾಂಕ್‌ಫರ್ಟಿನ ಸ್ಟೇಡೆಲ್ ಸಂಗ್ರಹಾಲಯದಲ್ಲಿರುವ, ಆಳೆತ್ತರವನ್ನು ಮೀರಿದ ಆ ಪಟದ ಹೆಸರಿನಲ್ಲಿ ಆಕೆ ‘ದಾದಿ’ಯಾಗಿದ್ದಾಳೆ. ಚಲನಚಿತ್ರದಲ್ಲಿ ಆಕೆ ದಾದಿಯೆನ್ನಲು ಆಧಾರವೇನೂ ಕಾಣದು. ಮಗುವಿನ ಗಾಡಿಯೊಡನೆ ಮೆಟ್ಟಿಲಮೇಲೆ ಗುಂಡೇಟು ತಿಂದವಳಂತೂ ಬೇರೊಬ್ಬಳು. ಆದರೆ ಈ ತಪ್ಪನ್ನು ಎತ್ತಿ ಆಡುವುದಕ್ಕಿಂತ, ಚಿತ್ರಕಾರನು ಬರೆದುದು ಚಲನಚಿತ್ರವನ್ನಲ್ಲ, ಅದು ತನ್ನ ನೆನಪಿನಲ್ಲಿ ಉಳಿಸಿಹೋದ ಕಲೆಯನ್ನು ಎಂಬುದಕ್ಕೆ ಅದನ್ನೊಂದು ಸಾಕ್ಷಿಯಾಗಿ ಬಗೆಯುವುದು ಮೇಲು. ಪಟದಲ್ಲಿ ಮೆಟ್ಟಿಲಿಲ್ಲ, ಸೈನಿಕರಿಲ್ಲ, ಜನವಿಲ್ಲ. ಮೈಮೇಲಿನ ಬಟ್ಟೆ ಸಹ ಹೋಗಿ, ಹಸುರು ಕವಿದ ಶೂನ್ಯದಲ್ಲಿ ಬೆತ್ತಲೆಯ ಮೈಯೊಂದು ಕುಳಿತು ಬಾಯ್ದೆರೆದಿದೆ.

ನಮ್ಮ ಆಲಂಕಾರಿಕರ ಪರಿಭಾಷೆಯಲ್ಲಿ ಹೇಳುವುದಾದರೆ, ಬೇಕನ್ನನು ಭಾವಕ್ಕೆ ಕಾರಣವಾದ ವಿಭಾವವನ್ನೆಲ್ಲ ತೊಡೆದು, ಆ ಭಾವ ಮೈಯಲ್ಲಿ ತೋರುವ ಅನುಭಾವವೊಂದನ್ನೇ ಉಳಿಸಿಕೊಂಡನು. ಹಾಗೆ ಉಳಿಸಿಕೊಳ್ಳುವುದು ಅಪಾಯದ ಕೆಲಸವೆಂಬುದನ್ನು ಮಮ್ಮಟನು ಬಹಳ ಹಿಂದೆಯೇ ಕಂಡಿದ್ದನು: ಕಣ್ಣೀರು ಶೃಂಗಾರಕ್ಕೂ ಕರುಣಕ್ಕೂ ಭಯಾನಕಕ್ಕೂ ಸಾಧಾರಣವಾದುದರಿಂದ, ಕಣ್ಣೀರೊಂದನ್ನೇ ತೋರಿಸಿದರೆ ಯಾವ ರಸವೂ ನಿಶ್ಚಯವಾಗದು. ತೆರೆದ ಬಾಯಿಯೂ ಅಷ್ಟೆ. ಅದು ಕೂಗೋ ಆಕಳಿಕೆಯೋ ಹಾಡೋ ಎಂಬುದನ್ನು ಹೇಳಬೇಕಾದುದು ಸುತ್ತಲಿನ ಸಂದರ್ಭ. ಆ ಸಂದರ್ಭವನ್ನು ತೆಗೆದುಹಾಕಿದ ಬಳಿಕ ಅದರ ಕೆಲಸವನ್ನೆಲ್ಲ ಬಣ್ಣವೇ ಹೊರಬೇಕಾಗುತ್ತದೆ. ಬೇಕನ್ನನು ಕ್ಯಾನ್‌ವಾಸಿನ ಹದಗೊಳಿಸದ ಹಿಂಬದಿಯಲ್ಲಿ ಬರೆಯುವ ರೂಢಿಯವನು. ಅಲ್ಲಿ ಎಣ್ಣೆಬಣ್ಣ ದಾರದೊಳಕ್ಕೆ ಇಂಗಿಬಿಡುವುದರಿಂದ, ಒಮ್ಮೆ ಇಟ್ಟ ಗೆರೆಯನ್ನು ಕೆರೆದು ತಿದ್ದುವುದು ಕಷ್ಟ. ಐಸೆನ್‌ಸ್ಟೈನನಿಗೆ ಮುಂದಿನ ತುಣುಕೊಂದು ಯಾವಾಗಲೂ ಉಂಟು, ಇವನಿಗೆ ಅದಿಲ್ಲ. ಎರವಲು ತಂದ ಬಿಂಬವು ಸ್ವಂತದ್ದಾಯಿತೋ ಇಲ್ಲವೋ ಎಂಬ ಪರೀಕ್ಷೆ ನಡೆಯಬೇಕಾದುದು ಇಲ್ಲಿ ಎಂದು ನನಗೆ ತೋರುತ್ತದೆ. ಹಳೆಯ ತಾರೆಯರ ಮುಖಗಳನ್ನು ಮಾಸಲು ಕಂದುಬಣ್ಣದಲ್ಲಿ ಬರೆದು ಪ್ರಶಂಸೆ ಪಡೆಯುವ ಪಟಗಳು ಬಹುಮಟ್ಟಿಗೆ ಈ ಪರೀಕ್ಷೆಯಲ್ಲಿ ಸೋಲುತ್ತವೆ. ಅವುಗಳ ಮುಂದೆ ನಮಗಾಗುವುದು ಗುರುತು ಹಿಡಿದ ಸುಖ, ನೋಡಿದ ಸುಖವಲ್ಲ.

ಇದಕ್ಕೊಂದು ಆಕ್ಷೇಪವುಂಟು, ಅದು ಹಗುರವಾದುದಲ್ಲ. ಕಾರಣವನ್ನು ಕಳಚಿದಾಗ ಅಪರಾಧಿಯನ್ನೂ ಬಿಟ್ಟುಕೊಟ್ಟಂತಾಗಲಿಲ್ಲವೆ? ಸೋಪಾನದ ಮೇಲೆ ಆ ಕೂಗಿಗೆ ಒಂದು ದಿಕ್ಕಿತ್ತು, ಗುಂಡು ಹಾರಿಸಿದವರ ಕಡೆಗೆ. ಪಟದಲ್ಲಿ ಅದು ಯಾರನ್ನೂ ದೂರದೆ ಮನುಷ್ಯನ ಹಣೆಬರಹವೆಂಬಂತೆ ಕುಳಿತುಬಿಟ್ಟಿದೆ. 1905ರಲ್ಲಿ ಒಡೆಸ್ಸಾದಲ್ಲಿ ರಕ್ತ ಹರಿದುದು ನಿಜವಾದರೂ, ಮೆಟ್ಟಿಲುಗಳ ಮೇಲಿನ ಆ ಹತ್ಯೆ ನಿರ್ದೇಶಕನ ರಚನೆಯೇ ಹೊರತು ನಡೆದುದರ ವರದಿಯಲ್ಲವೆಂದು ಸಮಾಧಾನ ಹೇಳಬಹುದು. ಆದರೆ ಐಸೆನ್‌ಸ್ಟೈನನು ಕಲ್ಪಿಸಿದುದು ಆರೋಪವನ್ನು ಹರಿತಗೊಳಿಸುವುದಕ್ಕಾಗಿ. ಬೇಕನ್ನನು ತೊಡೆದುದು ಅದನ್ನು ಮರೆಯುವುದಕ್ಕಾಗಿ. ತನಗೆ ಬೇಕಾದುದು ಕೂಗೇ ಹೊರತು ಅದರ ಹಿಂದಿನ ಭೀಕರತೆಯಲ್ಲವೆಂಬ ಅರ್ಥದಲ್ಲಿ ಅವನೇ ಮಾತನಾಡಿರುವುದುಂಟು. ಅವನ ಕುಶಲತೆಗೆ ತಲೆಬಾಗಿದ ಮೇಲೂ ಈ ಮಾತು ನನಗೆ ಇನ್ನೂ ಒಗ್ಗಿಲ್ಲ.

ಇದನ್ನು ಯೋಚಿಸುವಾಗಲೆಲ್ಲ ಬೆಂಗಳೂರಿನ ಗಾಂಧಿನಗರದ ಚಿತ್ರಮಂದಿರವೊಂದರ ಹಿತ್ತಿಲು ನೆನಪಾಗುತ್ತದೆ. ಬ್ಯಾನರು ಬರೆಯುವಾತನು ಅಂಗೈಯಗಲದ ಕಪ್ಪುಬಿಳುಪು ಸ್ಟಿಲ್ಲೊಂದರ ಮೇಲೆ ಚೌಕಗಳನ್ನೆಳೆದುಕೊಂಡು, ಅದೇ ಚೌಕಗಳನ್ನು ಗೋಡೆಯಷ್ಟು ದೊಡ್ಡ ಬಟ್ಟೆಯ ಮೇಲೆ ಹಿಗ್ಗಿಸಿ, ನಾಯಕನ ಮುಖವನ್ನು ಏಣಿಯ ಮೇಲೆ ನಿಂತು ತುಂಬುತ್ತಿದ್ದನು. ಹತ್ತಿರದಿಂದ ಕೆನ್ನೆಯಲ್ಲಿ ಹಸುರು, ಗಲ್ಲದ ಕೆಳಗೆ ನೇರಳೆ, ಮೂಗಿನ ತುದಿಯಲ್ಲಿ ಹಳದಿಯ ಒಂದು ಮುದ್ದೆ. ರಸ್ತೆಯ ಆಚೆಬದಿಗೆ ಹೋಗಿ ತಿರುಗಿದರೆ ಜೀವಂತ ಮುಖ. ಸ್ಟಿಲ್ಲಿನಲ್ಲಿಲ್ಲದ ಆ ಹಸುರನ್ನು ಎಲ್ಲಿಂದ ತಂದೆಯಪ್ಪಾ ಎಂದು ಕೇಳಿದುದಕ್ಕೆ ಆತನು, “ನೆರಳಿಗೆ ಏನಾದರೂ ಬೇಕಲ್ಲ ಸಾರ್,” ಎಂದನು. ಬೇಕನ್ನನಂತೆ ಕಳಚುವ ಸ್ವಾತಂತ್ರ್ಯ ಆತನಿಗಿರಲಿಲ್ಲ. ನಾಯಕನ ಗುರುತು ಕೆಟ್ಟರೆ ಕೂಲಿಯೂ ಕೆಟ್ಟಿತು. ಕೂಡಿಸುವ ಸ್ವಾತಂತ್ರ್ಯವನ್ನಾದರೋ ಯಾರನ್ನೂ ಕೇಳದೆ ತೆಗೆದುಕೊಂಡಿದ್ದನು.

ಗುರುವಾರ ಸಂಜೆ ಹಳೆಯ ಬ್ಯಾನರನ್ನು ಇಳಿಸಿ, ಅದೇ ಬಟ್ಟೆಗೆ ಬಿಳಿ ಬಳಿದು, ಶುಕ್ರವಾರದ ಹೊಸ ಚಿತ್ರಕ್ಕೆ ಅಣಿಮಾಡುತ್ತಿದ್ದರು. ಮೊದಲ ಸಲ ಬಳಿದಾಗ ಮುಖವೆಲ್ಲ ಮರೆಯಾಗಿ, ಕಣ್ಣಿನ ಕಪ್ಪು ಮಾತ್ರ ಹಾಗೆಯೇ ಉಳಿಯುತ್ತಿತ್ತು. ಅದಕ್ಕೆ ಇನ್ನೊಂದು ಕೈ ಬೇಕಾಗುತ್ತಿತ್ತು.